ಉಬ್ಬಿಲ್ಲ, ಗುಂಡಿಯಿಲ್ಲ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಬಕೆಟ್ ನೀರು.

ಅಲ್ಲಿಯವರೆಗೆ ಹೊಸ ಗ್ರಂಥಾಲಯದ ನೆಲ ಮೈಗೆಲ್ಲ ಸಿಮೆಂಟಿನ ಧೂಳು ಬಳಿದುಕೊಂಡು ಪರಮ ಸಾಧುವಿನಂತೆ ಬಿದ್ದಿತ್ತು. ಅದರ ಮೇಲೆ ಬಡಗಿ ಓಡಾಡಿದ್ದ, ಬಣ್ಣ ಬಳಿಯುವವನು ಓಡಾಡಿದ್ದ, ಗ್ರಂಥಾಲಯದ ಕಾರ್ಯದರ್ಶಿಗಳು ದಿನಕ್ಕೆರಡು ಸಲ ಕೈ ಹಿಂದೆ ಕಟ್ಟಿಕೊಂಡು ಓಡಾಡಿದ್ದರು. ಯಾರೂ ಚಕಾರವೆತ್ತಿರಲಿಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆ ಎಂಟಕ್ಕೆ ಟೈಲ್ಸ್ ಕೆಲಸದ ರಸಮಟ್ಟ ಆ ನೆಲಕ್ಕೆ ನೀರು ಸುರಿದು, ಬ್ರಶ್ಶು ಹಾಕಿ ತಿಕ್ಕಿ, ಒಣಬಟ್ಟೆಯಿಂದ ಒರೆಸಿದ. ಬಿಳಿ, ಬೂದು, ಕಪ್ಪು ಬಣ್ಣದ ವಜ್ರಾಕಾರದ ಟೈಲ್ಸುಗಳು ಮೂರು ಮೂರಾಗಿ ಮುಖಕ್ಕೆ ಮುಖ ಹಚ್ಚಿಕೊಂಡು ಫಳಫಳ ಹೊಳೆದವು. ರಸಮಟ್ಟ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ನೋಡಿದ. ಎದೆ ಉಬ್ಬಿತು. ಉಬ್ಬಬೇಕಾದದ್ದೇ, ಯಾಕೆಂದರೆ ಇಂಥ ನೆಲವನ್ನು ಅವನೂ ಹಿಂದೆ ಹಾಕಿರಲಿಲ್ಲ.

ರಸಮಟ್ಟ ಎಂಬುದು ಅವನ ಹೆಸರಲ್ಲ, ಅವನ ಜೇಬಿನಲ್ಲಿರುವ ಸಾಧನದ ಹೆಸರು. ಗೇಣುದ್ದದ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ರಸ, ರಸದಲ್ಲೊಂದು ಗುಳ್ಳೆ. ಇಟ್ಟ ಜಾಗ ಸಮವಾಗಿದ್ದರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಪಕ್ಕಕ್ಕೆ ಜಾರುತ್ತದೆ. ಅವನು ಇದನ್ನು ಸಿಕ್ಕಸಿಕ್ಕಲ್ಲೆಲ್ಲ ಇಟ್ಟು ನೋಡುತ್ತಿದ್ದ. ಹೋಟೆಲಿನ ಮೇಜಿನ ಮೇಲೆ ಇಟ್ಟು ಮಾಣಿಯನ್ನು ಕರೆದು ತೋರಿಸಿದ್ದ. ಮಾವ ಮಧ್ಯಾಹ್ನ ನಿದ್ದೆ ಹೋಗಿದ್ದಾಗ ಅವರ ಬೋಳುತಲೆಯ ಮೇಲೂ ಇಟ್ಟಿದ್ದನೆಂದು ಅವನ ನಾದಿನಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮೂವತ್ತು ವರ್ಷದಿಂದ ಜನ ಅವನನ್ನು ರಸಮಟ್ಟ ಎಂದೇ ಕರೆದು ಕರೆದು, ಅವನ ನಿಜವಾದ ಹೆಸರು ಹೆಂಡತಿಗೂ ಒಂದು ಕ್ಷಣ ಯೋಚಿಸಿದ ಮೇಲೇ ನೆನಪಾಗುತ್ತಿತ್ತು.

ಅವನ ಎದೆಯಲ್ಲಿದ್ದ ಮುಳ್ಳೂ ಇದೇ. ಚಿತ್ರ ಬರೆದವನು ಮೂಲೆಯಲ್ಲಿ ಸಹಿ ಹಾಕುತ್ತಾನೆ. ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಕೂರುತ್ತದೆ. ಇಷ್ಟು ನೆಲ ಹಾಕಿದ ತನ್ನ ಹೆಸರು ಮಾತ್ರ ಎಲ್ಲೂ ಇಲ್ಲ. ಎಲ್ಲರೂ ಅವನ ಕೆಲಸವನ್ನು ತುಳಿದುಕೊಂಡು ಹೋಗುವವರೇ. ಹಾಗಾಗಿ ಈ ಸಲ ಅವನು ಮೊದಲೇ ಹಿತ್ತಾಳೆಯಲ್ಲಿ ತನ್ನ ಹೆಸರು ಮಾಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದ. ಅಂಗೈಯಗಲದ, ಬೆರಳು ದಪ್ಪದ ಫಲಕ. ಉಬ್ಬಿದ ಅಕ್ಷರ.

"ಮುಖ್ಯ ಅತಿಥಿಗಳು ನೆಲದ ಬಗ್ಗೆ ಒಂದೇ ಒಂದು ಒಳ್ಳೆ ಮಾತಾಡಲಿ, ಬಾಗಿಲ ಪಕ್ಕದ ಗೋಡೆಗೆ ನಾನೇ ಮೊಳೆ ಹೊಡೆಸ್ತೀನಿ," ಎಂದು ಕಾರ್ಯದರ್ಶಿಗಳು ಮಾತು ಕೊಟ್ಟಿದ್ದರು. ಈ ಮಾತನ್ನು ನಂಬಿ ಅವನ ಹೆಂಡತಿ ಬೀದಿಗೆಲ್ಲ ಸುದ್ದಿ ಹಂಚಿದ್ದಳು. ಸಂಜೆ ಆರಕ್ಕೆ ತಂಗಿಯನ್ನೂ ಕರೆದುಕೊಂಡು ಹೆಸರು ನೋಡಲು ಬರುವುದೆಂದು ನಿಶ್ಚಯವಾಗಿತ್ತು. ನಾದಿನಿ ಬರುತ್ತಾಳೆಂದರೆ ಹೆಸರು ಗೋಡೆಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಹತ್ತು ವರ್ಷ ಅವನು ಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ.

ಒಂಬತ್ತಕ್ಕೆ ಗ್ರಂಥಪಾಲಕಿ ಬಂದರು. ತೋಳಿನ ತುಂಬ ರಿಜಿಸ್ಟರುಗಳು. ಬಾಗಿಲ ಹತ್ತಿರ ಬಂದವರು ಅಲ್ಲೇ ಗಕ್ಕನೆ ನಿಂತರು.

"ಅಯ್ಯೋ, ಇದೇನ್ರೀ ಇಷ್ಟೊಂದು ಮೆಟ್ಟಿಲು!"

"ಮೆಟ್ಟಿಲೆಲ್ಲಿ ಬಂತಮ್ಮ? ಸಪಾಟು ನೆಲ."

"ನನ್ ಕಣ್ಣಿಗೇನು ಮಣ್ಣು ಬಿದ್ದಿದ್ಯಾ? ಪೆಟ್ಟಿಗೆ ಜೋಡಿಸಿಟ್ಟ ಹಾಗೆ ಎದ್ದು ನಿಂತಿದೆ. ಬಿಳೀದು ಮೇಲ್ಗಡೆ, ಬೂದು ಒಂದು ಪಕ್ಕ, ಕಪ್ಪು ಒಂದು ಪಕ್ಕ," ಎಂದು ಅವರು ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಿ ಮೊದಲ ಹೆಜ್ಜೆ ಇಟ್ಟರು. ಹತ್ತಬೇಕಾದ ಕಾಲಿಗೆ ಹತ್ತುವಂಥದ್ದು ಏನೂ ಸಿಗಲಿಲ್ಲ. ಕಾಲು ದೊಪ್ಪನೆ ಕೆಳಗಿಳಿಯಿತು, ಅವರು ಕುಕ್ಕರಿಸಿ ಬಿದ್ದರು, ರಿಜಿಸ್ಟರುಗಳು ಓದುವ ಹಾಲಿನ ನಾಲ್ಕೂ ಮೂಲೆಗೆ ಹಾರಿದವು.

ಸದ್ದು ಕೇಳಿ ಕಾರ್ಯದರ್ಶಿಗಳು ಒಳಕೋಣೆಯಿಂದ ಓಡಿಬಂದರು. ಬಂದವರು ಹೊಸ್ತಿಲಿನಲ್ಲೇ ಚೌಕಟ್ಟು ಹಿಡಿದುಕೊಂಡರು. "ಏನಯ್ಯಾ ಇದು, ನೆಲದ ತುಂಬ ಗುಂಡಿ ತೋಡಿದ್ದೀಯ!"

"ಗುಂಡಿಯಲ್ಲ ಸಾರ್, ಪೆಟ್ಟಿಗೆ," ಎಂದರು ಗ್ರಂಥಪಾಲಕಿ ನೆಲದಿಂದಲೇ.

"ಗುಂಡೀನೇ. ಬಿಳೀದು ತಳ. ನೋಡಿದ್ರೆ ತಲೆ ತಿರುಗುತ್ತೆ."

"ಕಾಗದದ ಮೇಲೆ ತೋರಿಸಿದಾಗ ಚೆನ್ನಾಗಿದೆ ಅಂತ ಒಪ್ಪಿದ್ದು ನೀವೇ ಅಲ್ವಾ ಸಾರ್," ಎಂದ ರಸಮಟ್ಟ.

"ಅದು ಅಂಗೈಯಷ್ಟು ಕಾಗದ. ಅದರ ಮೇಲೆ ನಾನೇನು ನಡೆದು ನೋಡೋಕಾಗ್ತಿತ್ತಾ?"

ಪೆಟ್ಟಿಗೆ, ಗುಂಡಿ ಎಂದು ಇಬ್ಬರ ನಡುವೆ ಕಾಲು ಗಂಟೆ ವಾಗ್ವಾದ ನಡೆಯಿತು. ರಸಮಟ್ಟ ಜೇಬಿನಿಂದ ಪಟ್ಟಿ ತೆಗೆದು ಹಾಲಿನ ಹನ್ನೆರಡು ಕಡೆ ಇಟ್ಟು, ಹನ್ನೆರಡು ಕಡೆಯೂ "ನೋಡಿ, ಗುಳ್ಳೆ ನಡುವೆ," ಎಂದು ಕೂಗಿದ. ಯಾರೂ ಗುಳ್ಳೆಯ ಕಡೆ ನೋಡಲಿಲ್ಲ. ಅಷ್ಟರಲ್ಲಿ ವಿಚಿತ್ರವೊಂದು ನಡೆಯಿತು. ಗ್ರಂಥಪಾಲಕಿ ಮಾತಿನ ನಡುವೆ ಕಣ್ಣು ಪಿಳುಕಿಸಿ, "ಹೌದಲ್ಲ, ಗುಂಡೀನೇ!" ಎಂದರು. ಅದೇ ಗಳಿಗೆಯಲ್ಲಿ ಕಾರ್ಯದರ್ಶಿಗಳು, "ಇಲ್ಲ ಇಲ್ಲ, ಈಗ ಪೆಟ್ಟಿಗೆ ಕಾಣ್ತಿದೆ," ಎಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಪಕ್ಷ ಬದಲಿಸಿಕೊಂಡು ಅಷ್ಟೇ ಹುರುಪಿನಿಂದ ಜಗಳ ಮುಂದುವರಿಸಿದರು.

"ಆಹಾ! ಆಹಾ!" ಎಂದು ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೋಡಿದರೆ ಮಿದುಳಿನ ಡಾಕ್ಟರು. ನಿವೃತ್ತಿಯಾದ ಮೇಲೆ ಅವರಿಗೆ ದಿನವೂ ಬೆಳಿಗ್ಗೆ ಪತ್ರಿಕೆ ಓದಲು ಗ್ರಂಥಾಲಯ ಬೇಕು, ಓದಿದ ಮೇಲೆ ಪಾಠ ಹೇಳಲು ಯಾರಾದರೂ ಮನುಷ್ಯರು ಬೇಕು. ಇವತ್ತು ಮೂವರು ಒಟ್ಟಿಗೇ ಸಿಕ್ಕಿದ್ದರು.

"ಇಬ್ಬರೂ ಸರಿಯಾಗೇ ನೋಡ್ತಿದ್ದೀರಿ," ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು. "ಕಣ್ಣು ಬರೀ ಅಂಚೆಯವನು. ಕಾಗದ ತಂದು ಹಾಕ್ತಾನೆ, ಅಷ್ಟೆ. ಓದಿ ಅರ್ಥ ಮಾಡೋದು ಮಿದುಳು. ಈ ನೆಲದಿಂದ ಬಂದಿರೋ ಕಾಗದಕ್ಕೆ ಎರಡು ಅರ್ಥ ಆಗುತ್ತೆ, ಎರಡೂ ಸಮನಾಗಿ ಹೊಂದುತ್ತೆ. ನಿಮ್ಮ ತಲೆಯೊಳಗೆ ಇಬ್ಬರು ವಕೀಲರು ಇದ್ದಾರೆ ಅಂತ ಇಟ್ಕೊಳ್ಳಿ. ಒಬ್ಬ ಉಬ್ಬು ಅಂತಾನೆ, ಒಬ್ಬ ಗುಂಡಿ ಅಂತಾನೆ. ಒಟ್ಟಿಗೆ ಇಬ್ಬರೂ ಮಾತಾಡೋ ಹಾಗಿಲ್ಲ. ಒಬ್ಬ ವಾದ ಮಾಡಿ ಮಾಡಿ ಸುಸ್ತಾದ ಕೂಡಲೇ ಇನ್ನೊಬ್ಬ ಎದ್ದು ನಿಲ್ತಾನೆ. ಅವನು ಸುಸ್ತಾದರೆ ಮತ್ತೆ ಮೊದಲಿನವನು. ತೀರ್ಪು ಆಗೋದೇ ಇಲ್ಲ."

"ಸಪಾಟು ಅನ್ನೋ ವಕೀಲ ಯಾರೂ ಇಲ್ವಾ ಡಾಕ್ಟ್ರೇ?" ಎಂದು ರಸಮಟ್ಟ ದೀನನಾಗಿ ಕೇಳಿದ.

"ಇದ್ದಾನಪ್ಪ. ಆದರೆ ಅವನ ಮಾತು ಯಾರೂ ಕೇಳಲ್ಲ."

"ನನ್ ತಲೇಲಿ ಅವನೊಬ್ಬನೇ ಇರೋದು," ಎಂದು ರಸಮಟ್ಟ ಎದೆ ತಟ್ಟಿಕೊಂಡ. "ಪ್ರತಿಯೊಂದು ಟೈಲ್ಸನ್ನೂ ಈ ಕೈಯಲ್ಲಿ ಕೂರಿಸಿದ್ದೀನಿ. ನಂಗೆ ಉಬ್ಬೂ ಕಾಣಲ್ಲ, ಗುಂಡೀನೂ ಕಾಣಲ್ಲ."

"ನೀನು ಇಷ್ಟು ದಿನ ಬಗ್ಗಿ ಕೂತು ಒಂದೊಂದೇ ಟೈಲ್ಸು ನೋಡಿದ್ದೀಯ. ಈಗ ಇಲ್ಲಿ ಬಾ, ದೂರ ನಿಲ್ಲು. ಆ ಬಿಳೀದು ಪೆಟ್ಟಿಗೆ ಮುಚ್ಚಳ ಅಂದ್ಕೋ."

ಅಂದುಕೊಳ್ಳಬಾರದಿತ್ತು. ಅಂದುಕೊಂಡ. ಒಂದೇ ಸಲಕ್ಕೆ ಇಡೀ ಹಾಲು ಎದ್ದು ನಿಂತಿತು. ಸಾಲು ಸಾಲು ಪೆಟ್ಟಿಗೆಗಳು. ಬೆಚ್ಚಿ ರೆಪ್ಪೆ ಬಡಿದರೆ ಅವೆಲ್ಲ ಒಳಕ್ಕೆ ಕುಸಿದು ಗುಂಡಿಗಳಾದವು. ಮತ್ತೆ ಪೆಟ್ಟಿಗೆ. ಮತ್ತೆ ಗುಂಡಿ. ಎಷ್ಟು ಗೋಗರೆದರೂ ನೆಲ ಸಪಾಟಾಗಲಿಲ್ಲ. ತಾನೇ ಹಾಕಿದ ನೆಲದ ಮೇಲೆ ರಸಮಟ್ಟ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ಗೋಡೆಯವರೆಗೆ ಹೋಗಿ, ಅದನ್ನು ಹಿಡಿದುಕೊಂಡು ನಿಂತ. ಬಹಳ ನೋವಾಯಿತು ಅವನಿಗೆ. ಮೂವತ್ತು ವರ್ಷ ಕಾಲಡಿಯ ನೆಲವೊಂದನ್ನೇ ನಂಬಿದ್ದವನು ಅವನು.

"ಸಪಾಟು ಅಂತ ಗೊತ್ತಿದ್ರೂ ಹೀಗೆ ಕಾಣುತ್ತಲ್ಲ!" ಎಂದ.

"ಗೊತ್ತಿರೋದು ಬೇರೆ, ಕಾಣೋದು ಬೇರೆ. ಅದೇ ಇದರ ಸೊಗಸು," ಎಂದು ಡಾಕ್ಟರು ಕನ್ನಡಕ ಒರೆಸಿಕೊಂಡರು.

ಕಾರ್ಯದರ್ಶಿಗಳಿಗೆ ಸೊಗಸು ಬೇಕಿರಲಿಲ್ಲ. ಪಕ್ಕದ ಸಭಾಭವನದಿಂದ ಕೆಂಪು ಕಾರ್ಪೆಟ್ಟಿನ ದೊಡ್ಡ ಸುರುಳಿಯೊಂದನ್ನು ಹೊರಿಸಿಕೊಂಡು ಬಂದು ಮೂಲೆಯಲ್ಲಿ ನಿಲ್ಲಿಸಿದರು. "ಗೋಡೆಯಿಂದ ಗೋಡೆಗೆ ಹಾಸಿ ಅಂಟಿಸಿಬಿಡೋಣ. ಇವತ್ತು ಬರೋರು ದೊಡ್ಡ ಪ್ರೊಫೆಸರಮ್ಮ. ಫೋನಲ್ಲಿ ಎಷ್ಟು ಗಂಭೀರವಾಗಿ ಮಾತಾಡಿದ್ರು ಗೊತ್ತಾ? ಇಲ್ಲಿ ಬಂದು ಅವರು ಮುಗ್ಗರಿಸಿ ಬಿದ್ದರೆ ನಮ್ಮ ಮಾನ ಏನಾಗ್ಬೇಕು?"

ರಸಮಟ್ಟನ ಜೀವ ಬಾಯಿಗೆ ಬಂತು. ನೆಲವೇ ಕಾಣದಿದ್ದರೆ ನೆಲದ ಬಗ್ಗೆ ಒಳ್ಳೆಯ ಮಾತನ್ನು ಯಾರು ಆಡುತ್ತಾರೆ? "ಸಾರ್, ಅವರು ಒಂದೇ ಒಂದು ಸಲ ನಡೀಲಿ. ಬಾಗಿಲಿಂದ ಕುರ್ಚಿವರೆಗೆ. ಒಂದೇ ಒಂದು ಹೆಜ್ಜೆ ತಡವರಿಸಿದ್ರೂ ನಾನೇ ಈ ಕಾರ್ಪೆಟ್ ಹಾಸ್ತೀನಿ, ಚೀಲ ತಗೊಂಡು ಹೋಗ್ತೀನಿ. ಮುವ್ವತ್ತು ವರ್ಷದ ಕೆಲಸದ ಆಣೆ."

ಆಣೆಗಿಂತ ಅವನ ಕಣ್ಣಲ್ಲಿ ತುಂಬಿದ್ದ ನೀರು ಕೆಲಸ ಮಾಡಿತು. ಕಾರ್ಯದರ್ಶಿಗಳು ಗೊಣಗುತ್ತಲೇ ಒಪ್ಪಿದರು.

ಮೂರು ಗಂಟೆಗೆ ಕಾರು ಬಂತು. ಜನ ಹೊರಗಡೆ ಸಾಲಾಗಿ ನಿಂತಿದ್ದರು. ಕಾರಿನ ಬಾಗಿಲು ತೆರೆಯಿತು. ಮೊದಲು ಒಂದು ಬಿಳಿ ಕೋಲು ಇಳಿಯಿತು. ಹಿಂದೆಯೇ ಕಪ್ಪು ಕನ್ನಡಕದ, ನೆಟ್ಟನೆಯ ನಿಲುವಿನ ಎತ್ತರದ ಹೆಂಗಸು ಇಳಿದರು.

"ಆರು ವರ್ಷ ಆಯ್ತು, ಕಣ್ಣು ಹೋಗಿ," ಎಂದರು ಅವರು, ಎಲ್ಲರ ಮೌನವನ್ನು ಗುರುತಿಸಿದವರಂತೆ. "ಫೋನಲ್ಲಿ ಹೇಳಲಿಲ್ಲ. ಹೇಳಿದ್ರೆ ಜನ ದಾರಿ ಉದ್ದಕ್ಕೂ ಕುರ್ಚಿ ಮೇಜು ಎತ್ತೋಕೆ ಶುರು ಮಾಡ್ತಾರೆ. ಎಲ್ಲಿ, ಕಾರ್ಯದರ್ಶಿಗಳ ತೋಳು?"

ಕಾರ್ಯದರ್ಶಿಗಳು ತೋಳು ಕೊಟ್ಟರು. ರಿಬ್ಬನ್ ಕತ್ತರಿಸಿದ್ದಾಯಿತು. ಪ್ರೊಫೆಸರಮ್ಮ ಹಾಲಿನೊಳಗೆ ಕಾಲಿಟ್ಟರು. ರಸಮಟ್ಟ ಉಸಿರು ಬಿಗಿಹಿಡಿದ. ಟಕ್, ಟಕ್, ಟಕ್. ಕೋಲು ಎಡಕ್ಕೆ ಬಲಕ್ಕೆ ಆಡುತ್ತಿತ್ತು, ಹೆಜ್ಜೆ ಅದರ ಹಿಂದೆ ಸಲೀಸಾಗಿ ಬರುತ್ತಿತ್ತು. ತಮ್ಮ ಮನೆಯ ಜಗಲಿಯ ಮೇಲೆ ನಡೆದ ಹಾಗೆ ನಡೆದರು. ತೊಂದರೆಯಾದದ್ದು ಅವರ ಪಕ್ಕದವರಿಗೆ. ನಾಲ್ಕನೆಯ ಹೆಜ್ಜೆಗೆ ಕಾರ್ಯದರ್ಶಿಗಳ ಎದುರು ಗುಂಡಿ ಬಾಯ್ತೆರೆಯಿತು, ಅವರು ಹಾರಿದರು. ಆರನೆಯದಕ್ಕೆ ಪೆಟ್ಟಿಗೆ ಎದ್ದಿತು, ಹತ್ತಲು ಹೋದರು.

ಪ್ರೊಫೆಸರಮ್ಮ ನಿಂತರು. "ಯಾಕೆ ಸಾರ್ ಹೀಗೆ ಹಾರ್ತಿದ್ದೀರಿ? ಕಾಲಿಗೆ ಪೆಟ್ಟಾಗಿದೆಯಾ? ಬೇಕಾದ್ರೆ ನನ್ನ ಕೋಲು ಹಿಡ್ಕೊಳ್ಳಿ."

ಸಭೆ ಗೊಳ್ಳೆಂದಿತು. ಕಾರ್ಯದರ್ಶಿಗಳ ಮುಖ ಇಂಗು ತಿಂದ ಮಂಗನಂತಾಯಿತು.

ಭಾಷಣಕ್ಕೆ ಎದ್ದ ಪ್ರೊಫೆಸರಮ್ಮ ಪುಸ್ತಕದ ವಿಷಯವನ್ನೇ ಎತ್ತಲಿಲ್ಲ. "ಮೊದಲು ಹೇಳಿ, ಈ ನೆಲ ಹಾಕಿದವರು ಯಾರು? ಆರು ವರ್ಷದಲ್ಲಿ ಎಷ್ಟೋ ದೊಡ್ಡ ದೊಡ್ಡ ಕಟ್ಟಡದಲ್ಲಿ ನಡೆದಿದ್ದೀನಿ. ಎಲ್ಲಾ ಕಡೆ ಎಲ್ಲೋ ಒಂದು ಅಂಚು ನನ್ನ ಕೋಲನ್ನ ತಡೆಯುತ್ತೆ. ಇಲ್ಲಿ ಬಾಗಿಲಿಂದ ಇಲ್ಲಿವರೆಗೆ ಒಂದು ಕೂದಲೆಳೆಯಷ್ಟೂ ಏರಿಲ್ಲ, ಇಳಿವಿಲ್ಲ. ಇಷ್ಟು ಸಮವಾದ ನೆಲ ಹಾಕಬೇಕಾದ್ರೆ ಆ ಮನುಷ್ಯನ ಕೈ ಎಂಥದ್ದಿರಬೇಕು! ಕರೀರಿ ಅವರನ್ನ."

ರಸಮಟ್ಟ ಗೋಡೆ ಬಿಟ್ಟು ಬಂದ. ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಪೆಟ್ಟಿಗೆ ಗುಂಡಿಗಳ ನಡುವೆ ತೇಲಿಕೊಂಡೇ ಬಂದಿರಬೇಕು. ಚೀಲದಿಂದ ಫಲಕ ತೆಗೆದು ಅವರ ಕೈಗಿತ್ತ. ಅವರ ಬೆರಳು ಅಕ್ಷರದ ಮೇಲೆ ನಿಧಾನವಾಗಿ ಹರಿಯಿತು. ಆಮೇಲೆ ಅವರು ಅವನ ಹೆಸರನ್ನು, ಪೂರ್ತಿ ಹೆಸರನ್ನು, ಅಪ್ಪನ ಹೆಸರಿನ ಸಮೇತ, ತುಂಬಿದ ಸಭೆಗೆ ಕೇಳಿಸುವ ಹಾಗೆ ಓದಿದರು. ಜನ ಚಪ್ಪಾಳೆ ತಟ್ಟಿದರು. ಆ ಕ್ಷಣದಲ್ಲಿ ಅವನಿಗಿಂತ ಎತ್ತರದ ಮನುಷ್ಯ ಆ ಹಾಲಿನಲ್ಲಿ ಇನ್ನೊಬ್ಬನಿರಲಿಲ್ಲ.

"ಇದನ್ನ ಗೋಡೆಗೆ ಹೊಡೆಸ್ತೀವಿ ಮೇಡಂ," ಎಂದರು ಕಾರ್ಯದರ್ಶಿಗಳು.

"ಗೋಡೆಗೆ ಯಾಕೆ? ನೆಲ ಹಾಕಿದವರ ಹೆಸರು ನೆಲದಲ್ಲೇ ಇರಲಿ. ಬಾಗಿಲ ಒಳಗಡೆನೇ ಹಾಕಿ. ನಾನು ಹೋಗುವಾಗ ಕೋಲಿಂದ ಮುಟ್ಟಿ ಹೋಗ್ತೀನಿ."

ನೆಲದಲ್ಲಿ ಫಲಕ ಕೂರಿಸಬೇಕಾದರೆ ಅದರಷ್ಟೇ ಆಳದ ಕುಳಿ ಕೊರೆದು, ಮಟ್ಟ ಮಾಡಿ, ಸುತ್ತ ಸಂದು ತುಂಬಬೇಕು. ಅರ್ಧ ದಿನದ ಕೆಲಸ. ಇದು ರಸಮಟ್ಟನಿಗೆ ಗೊತ್ತಿಲ್ಲದ ವಿಷಯವಲ್ಲ. ಬೇರೆ ಯಾರ ಹೆಸರಾಗಿದ್ದರೂ "ನಾಳೆ ಬನ್ನಿ" ಎನ್ನುತ್ತಿದ್ದ. ಆದರೆ ಇದು ಅವನದೇ ಹೆಸರು, ಮೂವತ್ತು ವರ್ಷ ಕಾದ ಹೆಸರು, ಜೊತೆಗೆ ಆರು ಗಂಟೆಗೆ ನಾದಿನಿ. ಎಲ್ಲರೂ ಒಳಕೋಣೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಅವನು ತನ್ನ ಡಬ್ಬಿಯಲ್ಲಿದ್ದ ಅತ್ಯುತ್ತಮ ಅಂಟನ್ನು ಬಳಿದು, ಬಾಗಿಲಿಂದ ಎರಡು ಹೆಜ್ಜೆ ಒಳಗೆ, ಟೈಲ್ಸಿನ ಮೇಲೆಯೇ ಫಲಕವನ್ನು ಒತ್ತಿ ಕೂರಿಸಿಬಿಟ್ಟ. ಜೇಬಿನ ಪಟ್ಟಿಯನ್ನು ಅದರ ಮೇಲೆ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ.

ಚಹಾ ಮುಗಿಯಿತು. ಬೆಳಿಗ್ಗೆಯಿಂದ ಗೋಡೆ ತಬ್ಬಿಕೊಂಡಿದ್ದ ಜನಕ್ಕೆಲ್ಲ ಈಗ ಪ್ರೊಫೆಸರಮ್ಮನ ಮಾತಿನಿಂದ ಧೈರ್ಯ ಬಂದಿತ್ತು. ಮೊದಲು ಬಂದವರು ಗ್ರಂಥಪಾಲಕಿ, ಕೈಯಲ್ಲಿ ಖಾಲಿ ಲೋಟಗಳ ತಟ್ಟೆ, ತಲೆ ಎತ್ತಿದ ನಡಿಗೆ. ಬಾಗಿಲ ಹತ್ತಿರ ಫಲಕಕ್ಕೆ ಕಾಲ್ಬೆರಳು ತಗುಲಿ, ತಟ್ಟೆಯ ಸಮೇತ ಹೊರಗಿನ ಜಗಲಿಯಲ್ಲಿ ಲ್ಯಾಂಡ್ ಆದರು.

"ಅಷ್ಟು ದಪ್ಪಗಿರೋದು ಕಾಣಿಸ್ಲಿಲ್ವಾ ನಿಮಗೆ?" ಎಂದು ಕಾರ್ಯದರ್ಶಿಗಳು ದಡದಡನೆ ಬಂದು, ಅದೇ ಜಾಗದಲ್ಲಿ ಮುಗ್ಗರಿಸಿ, ಅವರ ಪಕ್ಕದಲ್ಲೇ ಹೋಗಿ ಕುಳಿತರು.

"ಕಾಣಿಸ್ತು ಸಾರ್. ಉಬ್ಬಿದ ಹಾಗೇ ಕಾಣಿಸ್ತು. ಇದೂ ಮಿದುಳಿನ ವಕೀಲರ ಆಟ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ," ಎಂದರು ಕಾರ್ಯದರ್ಶಿಗಳು ಮೊಣಕಾಲು ನೀವಿಕೊಳ್ಳುತ್ತ.

ಹಿಂದಿನಿಂದ ಡಾಕ್ಟರು ಪ್ರೊಫೆಸರಮ್ಮನ ಜೊತೆ ಮಾತಾಡುತ್ತ ಬರುತ್ತಿದ್ದರು. "ಒಟ್ಟಿನಲ್ಲಿ ಮೇಡಂ, ನನ್ನ ಐವತ್ತು ವರ್ಷದ ಅನುಭವ ಏನು ಹೇಳುತ್ತೆ ಅಂದ್ರೆ, ಕಂಡದ್ದನ್ನೆಲ್ಲ ನಂಬಬಾರ..." ವಾಕ್ಯದ ಕೊನೆಯನ್ನು ಅವರು ಕಾರ್ಯದರ್ಶಿಗಳ ಮಡಿಲಲ್ಲಿ ಮುಗಿಸಿದರು.

ಪ್ರೊಫೆಸರಮ್ಮ ಒಬ್ಬರೇ ದಾಟಿದ್ದು. ಟಕ್ ಎಂದಿತು ಕೋಲು. ಬಗ್ಗಿ, ಅಕ್ಷರ ಸವರಿ, "ಇಲ್ಲಿದ್ದಾರೆ," ಎಂದು ನಕ್ಕು, ಫಲಕವನ್ನು ದಾಟಿ, ಮೂವರನ್ನೂ ಬಳಸಿಕೊಂಡು ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಗುವುದೇ ತಡ ಕಾರ್ಯದರ್ಶಿಗಳು ಕುಂಟಿಕೊಂಡು ಬಂದರು. "ಕೀಳು ಅದನ್ನ!"

ರಸಮಟ್ಟ ಉಳಿ ಹಾಕಿದ, ಸುತ್ತಿಗೆ ಹಾಕಿದ. ಉಳಿಯ ಬಾಯಿ ಮೊಂಡಾಯಿತು, ಫಲಕ ಅಲ್ಲಾಡಲಿಲ್ಲ. ಅವನು ಅಂಟಿಸಿದ್ದು ಇದುವರೆಗೆ ಎಲ್ಲಿಯೂ ಎದ್ದಿರಲಿಲ್ಲ. ಇಲ್ಲಾದರೂ ಯಾಕೆ ಏಳಬೇಕು? "ಸಾರ್, ಒಡೆದೇ ತೆಗೀಬೇಕಾದ್ರೆ ಕೆಳಗಿನ ಆರು ಟೈಲ್ಸೂ ಹೋಗುತ್ತೆ. ನನ್ ಕೈಯಾರೆ ಅದು ಆಗಲ್ಲ," ಎಂದು ಸುತ್ತಿಗೆ ಕೆಳಗಿಟ್ಟ.

"ಹಾಗಾದ್ರೆ ಅದು ಬರ್ಲಿ," ಎಂದು ಕಾರ್ಯದರ್ಶಿಗಳು ಕಾರ್ಪೆಟ್ಟು ನಿಂತಿದ್ದ ಮೂಲೆಯ ಕಡೆ ಕೈ ತೋರಿಸಿದರು.

ಆರು ಗಂಟೆಗೆ ಹೆಂಡತಿ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ತಂಗಿಯನ್ನು ಕರೆದುಕೊಂಡು ಬಂದಾಗ, ಹಾಲು ಗೋಡೆಯಿಂದ ಗೋಡೆಗೆ ಕೆಂಪಗಿತ್ತು. ಬಿಳಿಯೂ ಇಲ್ಲ, ಬೂದೂ ಇಲ್ಲ, ಕಪ್ಪೂ ಇಲ್ಲ. ಬಾಗಿಲಿಂದ ಎರಡು ಹೆಜ್ಜೆ ಒಳಗೆ ಕಾರ್ಪೆಟ್ಟು ಅಂಗೈಯಗಲ ಉಬ್ಬಿಕೊಂಡಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ, ಫಲಕಕ್ಕೆಂದು ಇಟ್ಟಿದ್ದ ಜಾಗದಲ್ಲಿಯೇ, ಗ್ರಂಥಪಾಲಕಿ ಆಗತಾನೆ ಒಂದು ರಟ್ಟಿನ ಬೋರ್ಡು ತೂಗುಹಾಕಿದ್ದರು.

ನಾದಿನಿ ಗೋಡೆಯ ಹತ್ತಿರ ಹೋಗಿ ಗಟ್ಟಿಯಾಗಿ ಓದಿದಳು. "ನೆಲ ಸಮವಿಲ್ಲ. ನೋಡಿ ನಡೆಯಿರಿ." ಆಮೇಲೆ ತಿರುಗಿ, "ಏನ್ ಭಾವ, ನಿಮ್ಮ ಬಗ್ಗೆ ಬರೆಸ್ತಾರೆ ಅಂದಿದ್ರಲ್ಲ, ಇದೇನಾ?" ಎಂದಳು.

ಹೆಂಡತಿ ಮುಂದೆ ಬಂದಳು. ಅವನು ಕಣ್ಣಲ್ಲೇ ತೋರಿಸಿದ ಉಬ್ಬಿನ ಹತ್ತಿರ ಕುಕ್ಕರಿಸಿ, ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿ ಸವರಿದಳು. ಒಂದು ಕ್ಷಣ ಯೋಚಿಸಿ, ಅವನ ಹೆಸರನ್ನು ಮೆಲ್ಲಗೆ ಹೇಳಿದಳು.

ಬೆಳಿಗ್ಗೆಯಿಂದ ಹೇಳಿ ಹೇಳಿ ಸೋತಿದ್ದ ಮಾತನ್ನು ರಸಮಟ್ಟ ಮತ್ತೆ ಹೇಳಲು ಹೋಗಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಉಬ್ಬಿನ ಮೇಲೆ ಇಟ್ಟ. ಗುಳ್ಳೆ ಅತ್ತ ಇತ್ತ ಆಡಿ, ನಟ್ಟನಡುವೆ ಬಂದು ನಿಂತಿತು. ಅವನು ಎದೆಯುಬ್ಬಿಸಿ, "ನೋಡು," ಎಂದು ತಲೆಯೆತ್ತಿದ.

ನಾದಿನಿ ನೋಡಲಿಲ್ಲ. ಅವಳು ಬೋರ್ಡಿನ ಮಾತನ್ನು ನಂಬಿ, ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಿ, ಆ ಸಪಾಟು ನೆಲದ ಮೇಲೆ ಜೋಪಾನವಾಗಿ ಹೆಜ್ಜೆ ಇಡುತ್ತಿದ್ದಳು.